ಎರಡು ಹೊತ್ತಿನ ಮುಯ್ಯಿ, ಎರಡು ದಿನದ ಪ್ರವಾಸ



"ಅಮ್ಮಾ, ಈ ರಜೆಗಾದ್ರೂ ಮೈಸೂರಿಗೆ ಹೋಗೋಣ್ವಾ?" ಎಂದು ಮಕ್ಕಳು ಕೇಳಿದರೆ ನಮ್ಮ ಬಾಯಿಗೆ ಬರುವ ಉತ್ತರ ಒಂದೇ: "ಹಸು ಯಾರು ನೋಡ್ಕೋತಾರೆ?" ಹೀಗೆ ಹೇಳುತ್ತಲೇ ಮಕ್ಕಳು ದೊಡ್ಡವರಾಗಿಬಿಡುತ್ತಾರೆ.

ಲೆಕ್ಕ ಹಾಕಿ ನೋಡಿ. ಭಾನುವಾರ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಹೊರಟು, ಸೋಮವಾರ ಸಂಜೆ ಕರೆಯುವ ಹೊತ್ತಿಗೆ ಮರಳಿದರೆ ತಪ್ಪುವುದು ಎರಡೇ ಹೊತ್ತು. ಅದನ್ನು ಪಕ್ಕದ ಮನೆಯ ಸದಸ್ಯೆಗೆ ಒಪ್ಪಿಸಿ. ಅವರು ಹೊರಟಾಗ ನೀವು ಅವರ ಹಸು ಕರೆಯಿರಿ. ನಾಟಿಗೆ, ಕಳೆಗೆ ಮುಯ್ಯಾಳು ಹೋಗುವ ನಮಗೆ ಇದು ಹೊಸದಲ್ಲ.

ಮೊದಲು ಕೊಟ್ಟಿಗೆ

ಕರು ಹಾಕುವ ದಿನ ಹತ್ತಿರವಿದ್ದರೆ ಅಥವಾ ಹಸುವಿಗೆ ಚಿಕಿತ್ಸೆ ನಡೆಯುತ್ತಿದ್ದರೆ ಪ್ರವಾಸ ಮುಂದೂಡಿ. ಹೊಸ ಕೈಗೆ ಹಸು ಹಾಲು ಏರಿಸಿಕೊಳ್ಳಬಹುದು. ಆದ್ದರಿಂದ ನಾಲ್ಕೈದು ದಿನ ಮೊದಲೇ ಅವರನ್ನು ಕರೆಸಿ, ನಿಮ್ಮೆದುರೇ ಕರೆಯಲು ಹೇಳಿ. ಮೇವು ಬದಲಿಸಬೇಡಿ. ಪ್ರತಿ ಹೊತ್ತಿನ ಹಿಂಡಿಯನ್ನು ಅಳೆದು ಬೇರೆ ಬೇರೆ ಚೀಲಕ್ಕೆ ಕಟ್ಟಿಡಿ. ನಿಮ್ಮ ಸದಸ್ಯತ್ವ ಸಂಖ್ಯೆ, ಪಶುವೈದ್ಯರ ಫೋನ್ ಸಂಖ್ಯೆ ಮತ್ತು ಪಶು ಸಹಾಯವಾಣಿ 1962 ಇವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಆಮೇಲೆ ಮಕ್ಕಳು

ಮೈಸೂರು ಅರಮನೆಯ ದೀಪಾಲಂಕಾರ ಭಾನುವಾರ ಸಂಜೆ ಇರುತ್ತದೆ. ಮೃಗಾಲಯಕ್ಕೆ ಮಂಗಳವಾರ ರಜೆ. ಸೋಮವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ನೋಡಿ ಮುಗಿಸಿ. ತಂಗುವ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ. ಶಕ್ತಿ ಯೋಜನೆಯಡಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೂ ಹೆಣ್ಣುಮಕ್ಕಳಿಗೂ ಪ್ರಯಾಣ ಉಚಿತ; ಗುರುತಿನ ಚೀಟಿ ಮರೆಯಬೇಡಿ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸದು.

ಜನಜಂಗುಳಿಯಲ್ಲಿ ಚಿಕ್ಕವರ ಕೈ ಬಿಡಬೇಡಿ. ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿರಲಿ. "ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲು, ಪೊಲೀಸರಿಗೆ ಹೇಳು" ಎಂದು ಮನೆಯಲ್ಲೇ ಕಲಿಸಿ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098. ಕಾವೇರಿ ದಡಕ್ಕೆ ಹೋದರೆ ಮಕ್ಕಳನ್ನು ನೀರಿಗಿಳಿಸಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿ ಇರುತ್ತದೆ. ಕಾಯಿಸಿ ಆರಿಸಿದ ನೀರು, ಓ.ಆರ್.ಎಸ್. ಪೊಟ್ಟಣ, ದಿನನಿತ್ಯದ ಮಾತ್ರೆ ಚೀಲದಲ್ಲಿರಲಿ. ಬಸ್ಸಿನಲ್ಲಿ ವಾಂತಿಯಾಗುವ ಮಗುವಿಗೆ ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನಿಸದೆ, ಮುಂದಿನ ಸೀಟಿನಲ್ಲಿ ಕೂರಿಸಿ.

ಎರಡು ದಿನದಲ್ಲಿ ಎಲ್ಲವನ್ನೂ ನೋಡುವ ಹಟ ಬೇಡ. ಎರಡು ಜಾಗ ನಿಧಾನವಾಗಿ ನೋಡಿದರೆ ಮಕ್ಕಳಿಗೂ ಖುಷಿ, ನಿಮಗೂ ವಿಶ್ರಾಂತಿ.

ಮರಳಿದ ಸಂಜೆ ಮೊದಲು ಕೆಚ್ಚಲು ಮುಟ್ಟಿ ನೋಡಿ. ಬಿಸಿ, ಗಟ್ಟಿ ಇಲ್ಲದೆ ಹಾಲೂ ಸರಿಯಿದ್ದರೆ ಪಕ್ಕದ ಮನೆಗೆ ಹೋಗಿ ಕೇಳಿ: "ಅಕ್ಕಾ, ನೀವು ಯಾವಾಗ ಹೊರಡ್ತೀರಿ?"