ಬೆಳಕು ನುಂಗುವ ಗೋಡೆ

1888ರ ಅಕ್ಟೋಬರಿನಲ್ಲಿ ವಿನ್ಸೆಂಟ್ ವ್ಯಾನ್ ಗೋ ದಕ್ಷಿಣ ಫ್ರಾನ್ಸಿನ ಆರ್ಲ್ ಪಟ್ಟಣದ ಬಾಡಿಗೆ ಮನೆಯಲ್ಲಿ ತಾನು ಮಲಗುತ್ತಿದ್ದ ಕೋಣೆಯನ್ನೇ ಚಿತ್ರವಾಗಿಸಿದ. ನೇರಳೆ ಗೋಡೆ, ಕೆಂಪು ಹೆಂಚಿನ ನೆಲ, ಬೆಣ್ಣೆಯ ಹಳದಿ ಬಣ್ಣದ ಮಂಚ, ಅದರ ಮೇಲೆ ಕಡುಗೆಂಪು ಹೊದಿಕೆ, ಹಸಿರು ಕಿಟಕಿ. ನೋಡುವವರಿಗೆ ವಿಶ್ರಾಂತಿಯ, ನಿದ್ದೆಯ ಭಾವ ಹುಟ್ಟಿಸುವ ಹೊಣೆಯನ್ನು ಇಲ್ಲಿ ಬಣ್ಣಕ್ಕೇ ಒಪ್ಪಿಸಿದ್ದಾಗಿ ಅವನು ತಮ್ಮ ಥಿಯೋಗೆ ಕಾಗದ ಬರೆದ. ಆದರೆ ಮರುವರ್ಷದ ಜನವರಿಯ ಹೊತ್ತಿಗೆ ಮನಸ್ಸಿನ ಕಾಯಿಲೆಯಿಂದ ನರಳುತ್ತಿದ್ದ ಆ ಕಲಾವಿದ ನಿದ್ದೆ ಬಾರದೆ ದಿಂಬಿಗೂ ಹಾಸಿಗೆಗೂ ಕರ್ಪೂರ ಹಾಕಿಕೊಂಡು ಮಲಗುತ್ತಿದ್ದ.

ಬಣ್ಣ ಔಷಧಿಯಲ್ಲ ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಸಿಗಲಾರದು. ಹಾಗೆಂದು ಬಣ್ಣಕ್ಕೂ ನಿದ್ದೆಗೂ ಸಂಬಂಧವೇ ಇಲ್ಲವೆಂದಲ್ಲ. ಸಂಬಂಧವಿದೆ, ಆದರೆ ಅದು ಬೆಳಕಿನ ಮೂಲಕ ಏರ್ಪಡುವಂಥದ್ದು.

ನೀಲಿ ಶಾಂತಿ ಕೊಡುತ್ತದೆ, ಕೆಂಪು ಕೆರಳಿಸುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಇಂಥ ಮಾತನ್ನು ನಂಬಿ ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆಯಿತು. 1979ರಲ್ಲಿ ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯೊಂದರ ಕೋಣೆಗೆ ಗುಲಾಬಿ ಬಣ್ಣ ಬಳಿದರು. ಕೈದಿಗಳ ಸಿಟ್ಟು ಇಳಿಯಿತೆಂದು ಸುದ್ದಿಯಾಯಿತು, ಬೇರೆ ಜೈಲುಗಳೂ ಅದನ್ನೇ ಅನುಸರಿಸಿದವು. ಮುಂದೆ ಬಿಗಿಯಾದ ಪರೀಕ್ಷೆಗಳನ್ನು ಮಾಡಿದಾಗ ಆ ಪರಿಣಾಮ ಕಾಣಲಿಲ್ಲ.

ಹಾಗಾದರೆ ಖಚಿತವಾಗಿ ಗೊತ್ತಿರುವುದೇನು? ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕೆಂದೇ ಇರುವ ಕೋಶಗಳಲ್ಲದೆ, ಹೊತ್ತು ತಿಳಿಯಲು ನೆರವಾಗುವ ಕೆಲವು ಕೋಶಗಳೂ ಇವೆ. ಅವುಗಳಲ್ಲಿರುವ ಮೆಲನಾಪ್ಸಿನ್ ಎಂಬ ವಸ್ತು ಸುಮಾರು 480 ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಅಂಥ ಬೆಳಕು ಬಿದ್ದಷ್ಟು ಹೊತ್ತೂ ಮಿದುಳಿಗೆ ಇನ್ನೂ ಹಗಲೆಂಬ ಸುದ್ದಿ ಹೋಗುತ್ತಿರುತ್ತದೆ, ರಾತ್ರಿಯ ಹಾರ್ಮೋನಾದ ಮೆಲಟೋನಿನ್ ತಡವಾಗುತ್ತದೆ. ಮಲಗುವ ಮುಂಚಿನ ಮೂರು ಗಂಟೆ ಇಂಥ ಬೆಳಕು ಕಣ್ಣಿನ ಮಟ್ಟದಲ್ಲಿ 10 ಲಕ್ಸ್ ಮೀರಬಾರದು, ಮಲಗಿದ ಮೇಲೆ 1 ಲಕ್ಸ್ ಮೀರಬಾರದು ಎಂದು 2022ರಲ್ಲಿ ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಶಿಫಾರಸು ಮಾಡಿತು.

ಈಗ ನಮ್ಮ ಮನೆಗಳನ್ನು ನೋಡಿ. ಬಿಳಿ ಅಥವಾ ಕೆನೆಬಣ್ಣದ ಗೋಡೆ, ಬಿಳಿ ಒಳಛಾವಣಿ, ಹೊಳೆಯುವ ಟೈಲ್ಸ್, ಅದರ ಮೇಲೆ 6500 ಕೆಲ್ವಿನ್‌ನ, ಅಂದರೆ ನೀಲಿಯ ಪಾಲು ಹೆಚ್ಚಿರುವ ಬಿಳಿ ಬೆಳಕಿನ ಎಲ್‌ಇಡಿ ಪಟ್ಟಿ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲನ್ನು ವಾಪಸು ಎಸೆಯುತ್ತದೆ. ಒಂದು ಬಲ್ಬ್ ಹಾಕಿದರೂ ನಾಲ್ಕೂ ಗೋಡೆಗಳು ದೀಪಗಳಾಗಿ ನಿಲ್ಲುತ್ತವೆ. ಕಡು ಕಂದುಗೆಂಪು, ಕಡುನೀಲಿ, ಪಾಚಿಹಸಿರಿನಂಥ ಗಾಢ ಬಣ್ಣಗಳು ಎಸೆಯುವುದು ನೂರರಲ್ಲಿ ಹತ್ತೋ, ಅದಕ್ಕಿಂತ ಕಡಿಮೆಯೋ. ಉಳಿದದ್ದನ್ನು ನುಂಗಿಬಿಡುತ್ತವೆ. ಗಾಢ ಬಣ್ಣದ ಕೋಣೆಗೆ ಕಾಲಿಟ್ಟೊಡನೆ ಆಗುವ ನೆಮ್ಮದಿಯಲ್ಲಿ ಬಹುಪಾಲು ಈ ನುಂಗುವಿಕೆಯದ್ದೇ. ಪೇಂಟ್ ಕಂಪನಿಗಳ ವಿವರಪಟ್ಟಿಗಳಲ್ಲಿ ಎಷ್ಟೋ ಕಡೆ ಎಲ್‌ಆರ್‌ವಿ ಎಂಬ ಅಂಕಿ ಸಿಗುತ್ತದೆ. ಆ ಬಣ್ಣ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ ಎಂಬ ಲೆಕ್ಕ ಅದು. ಮಲಗುವ ಕೋಣೆಯ ಮಟ್ಟಿಗೆ ಶೇಡಿನ ಹೆಸರಿಗಿಂತ ಈ ಅಂಕಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಕೆಂಪಿನ ಬಗ್ಗೆ ಇರುವ ಅಂಜಿಕೆಯನ್ನು ಇಲ್ಲಿ ಸ್ವಲ್ಪ ಬಿಡಬಹುದು. ಮುಸ್ಸಂಜೆಯಲ್ಲಿ ದಾಸವಾಳದ ಗಿಡದ ಮುಂದೆ ನಿಂತವರಿಗೆ ಇದು ಗೊತ್ತು: ಬೆಳಕು ಇಳಿದಂತೆ ಕೆಂಪು ಹೂ ಮೊದಲು ಕಪ್ಪಾಗುತ್ತದೆ, ಎಲೆಯ ಹಸಿರು ಇನ್ನೂ ತಿಳಿಯಾಗಿ ಉಳಿದಿರುತ್ತದೆ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ ಇದನ್ನು ಗಮನಿಸಿ ದಾಖಲಿಸಿದ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಾಗಾಗಿ ದೀಪ ಸಣ್ಣದಾದಾಗ ಇಟ್ಟಿಗೆಗೆಂಪಿನ ಗೋಡೆ ಕತ್ತಲೆಯೊಳಗೆ ಬೇಗ ಕರಗುತ್ತದೆ. ಅದು ಹಿಂದಕ್ಕೆ ಕಳಿಸುವ ಬೆಳಕಿನಲ್ಲೂ ನೀಲಿಯ ಪಾಲು ತೀರಾ ಕಡಿಮೆ. ತೆಳು ಆಕಾಶನೀಲಿ ಬಳಿದು ಬಿಳಿ ಟ್ಯೂಬ್‌ಲೈಟ್ ಉರಿಸುವ ಕೋಣೆಗಿಂತ ಕಂದುಗೆಂಪು ಗೋಡೆಯ ಪಕ್ಕದಲ್ಲೊಂದು 2700 ಕೆಲ್ವಿನ್‌ನ ಹಳದಿ ದೀಪ ಇಟ್ಟ ಕೋಣೆಯೇ ಕಣ್ಣಿಗೆ ಹಿತ.

ನಮ್ಮ ಹಳೆಯ ಮನೆಗಳಲ್ಲಿ ಗಾಢ ಬಣ್ಣ ಗೋಡೆಗಿಂತ ಹೆಚ್ಚಾಗಿ ನೆಲದಲ್ಲಿ, ಹಾಸಿಗೆಯಲ್ಲಿ ಇತ್ತು. ರೆಡ್ ಆಕ್ಸೈಡ್ ಹಾಕಿ ತಿಕ್ಕಿದ ಕೆಂಪು ಗಾರೆ ನೆಲ ಈಗಲೂ ಹಲವು ಮನೆಗಳಲ್ಲಿ ಉಳಿದಿದೆ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುವ ಕೌದಿ, ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಬಣ್ಣಬಣ್ಣದ ಕೌದಿ, ನವಲಗುಂದದ ಜಮಖಾನ, ಇವೆಲ್ಲ ಮಲಗುವ ಜಾಗಕ್ಕೆ ಬಣ್ಣ ತುಂಬಿದವು. ಇಳಕಲ್ ಸೀರೆಯ ದಾಳಿಂಬೆ ಕೆಂಪು, ಗಿರಿಕುಂಕುಮಗಳು ಉಟ್ಟು ಮೆತ್ತಗಾದ ಮೇಲೆ ಹೊದಿಕೆಯೊಳಗೆ ಬಂದು ಸೇರುತ್ತಿದ್ದವು. ಬಾಡಿಗೆ ಮನೆಯಲ್ಲಿರುವವರಿಗೆ ಇಂದಿಗೂ ಇದೇ ಒಳ್ಳೆಯ ದಾರಿ. ಗೋಡೆ ಮುಟ್ಟಲು ಮಾಲೀಕರು ಬಿಡದಿದ್ದರೂ ತಲೆದೆಸೆಗೆ ಕಡುಬಣ್ಣದ ದಪ್ಪ ಬಟ್ಟೆ ತೂಗುಹಾಕಬಹುದು, ಬೀದಿದೀಪ ತಡೆಯಲು ಒಳಪದರವಿರುವ ಗಾಢ ಪರದೆ ಹಾಕಬಹುದು, ಹಾಸಿಗೆಗೆ ಕೌದಿ ಹೊದಿಸಬಹುದು.

ಗೋಡೆಗೇ ಬಳಿಯುವವರು ಪೇಂಟರ್ ಜೊತೆ ಮೊದಲೇ ಮಾತಾಡುವುದು ಒಳ್ಳೆಯದು. ಗಾಢ ಶೇಡ್ ಎರಡು ಕೋಟ್‌ಗೆ ಸಮನಾಗಿ ಕೂರದೆ ಮೂರನೆಯದನ್ನು ಬೇಡುವುದುಂಟು. ಪುಟ್ಟಿಯ ಏರುತಗ್ಗು, ತೇವದಿಂದ ಏಳುವ ಬಿಳಿ ಉಪ್ಪು ಗಾಢ ಗೋಡೆಯ ಮೇಲೆ ಎದ್ದು ಕಾಣುತ್ತವೆ. ಆದ್ದರಿಂದ ಮಲೆನಾಡು, ಕರಾವಳಿಯ ಮನೆಗಳಲ್ಲಿ ಮೊದಲು ನೀರು ಒಸರುವುದನ್ನು ನಿಲ್ಲಿಸಬೇಕು, ಬಣ್ಣದ ಮಾತು ಆಮೇಲೆ. ಹೊಳಪಿನ ಪೇಂಟ್ ಬೇಡ. ಚಾರ್ಜರಿನ ಹಸಿರು ಚುಕ್ಕೆಯೂ ಅದರಲ್ಲಿ ಪ್ರತಿಫಲಿಸುತ್ತದೆ. ಮ್ಯಾಟ್ ಫಿನಿಶ್ ಇರಲಿ. ಒಳಛಾವಣಿಗೂ ಹೊಳಪಿಲ್ಲದ, ತುಸು ಮಾಸಿದ ಬಣ್ಣವೇ ಹೊಂದುತ್ತದೆ, ಏಕೆಂದರೆ ಮಲಗಿದವರ ಕಣ್ಣಿಗೆ ಎದುರಾಗುವುದು ಅದೇ.

ಅಂಗಡಿಯ ಶೇಡ್ ಕಾರ್ಡನ್ನು ಹಗಲಲ್ಲಿ ನೋಡಿ ಆರಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಮಲಗುವ ಕೋಣೆಯನ್ನು ಜನ ನೋಡುವುದು ರಾತ್ರಿ. ಒಂದು ಸಣ್ಣ ಡಬ್ಬಿ ತಂದು ಮಂಚದ ಎದುರಿನ ಗೋಡೆಗೆ ಎರಡಡಿ ಚೌಕ ಬಳಿದು, ಒಣಗಿದ ಮೇಲೆ ರಾತ್ರಿ ಹತ್ತಕ್ಕೆ ದೊಡ್ಡ ದೀಪ ಆರಿಸಿ, ಹಳದಿ ದೀಪವೊಂದನ್ನೇ ಉಳಿಸಿಕೊಂಡು ಮಲಗಿ ನೋಡಬೇಕು. ಆ ಚೌಕ ಕಣ್ಣಿಗೆ ಚುಚ್ಚದೆ ಗೋಡೆಯೊಳಕ್ಕೆ ಸರಿದಂತೆ ಕಂಡರೆ ಪೇಂಟರನ್ನು ಕರೆಯಬಹುದು.