ಅಂಗೈ ಮೇಲೊಂದು ಜೆಟ್ ವಿಮಾನ

ಒಂದಕ್ಕೆ ಎಪ್ಪತ್ತೆರಡು. ಪ್ಲಾಸ್ಟಿಕ್ ಮಾದರಿ ವಿಮಾನ ಕಟ್ಟುವ ಹವ್ಯಾಸಿಗಳಿಗೆಲ್ಲ ಬಾಯಿಪಾಠವಾಗಿರುವ ಲೆಕ್ಕವಿದು. ನಿಜವಾದ ವಿಮಾನದ 72 ಅಡಿ ಇಲ್ಲಿ ಒಂದೇ ಅಡಿ. ಹತ್ತು ಮೀಟರ್‌ಗಿಂತ ತುಸು ಕಡಿಮೆ ಉದ್ದದ ‘ನ್ಯಾಟ್’ ತರಬೇತಿ ಜೆಟ್ ಈ ಲೆಕ್ಕದಲ್ಲಿ ಸುಮಾರು 13 ಸೆಂ.ಮೀ.ಗೆ ಇಳಿದು ಅಂಗೈ ಮೇಲೆ ಕೂರುತ್ತದೆ. ಅಷ್ಟು ಪುಟ್ಟ ವಿಮಾನವನ್ನು ಅಂಟಿಸಿ, ಉಜ್ಜಿ, ಬಣ್ಣ ಹಚ್ಚಿ ಮುಗಿಸಲು ನನಗೂ ನಮ್ಮ ತಾತನಿಗೂ ಹಿಡಿದದ್ದು ಬರೋಬ್ಬರಿ ಏಳು ವಾರ!

ಅದು ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಹಳೇ ಕಾಲದ ಕಿಟ್. ತಾತ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. 70ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಹೋಗಿಬಂದ ಸಹೋದ್ಯೋಗಿಯೊಬ್ಬರು ಅವರಿಗೆ ತಂದುಕೊಟ್ಟಿದ್ದರಂತೆ. ಸಂಸಾರ, ಶಿಫ್ಟು, ಓವರ್‌ಟೈಮ್ ನಡುವೆ ಅದು ಬೀರುವಿನ ಮೇಲಿನ ಟ್ರಂಕಿನಲ್ಲೇ ಉಳಿಯಿತು. ಈಗ ಬಿಡುವಿದೆ, ಆದರೆ ತಾತನ ಕೈ ನಡುಗುತ್ತದೆ. ನನ್ನ ಕೈ ನಡುಗುವುದಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ವರ್ಷವಾಗಿ, ದಿನಾ ರೆಸ್ಯೂಮೆ ಕಳಿಸಿ ಕರೆಗಾಗಿ ಕಾಯುತ್ತಿದ್ದ ನನಗೆ ಬಿಡುವಿಗೂ ಬರವಿರಲಿಲ್ಲ.

ಬಿಚ್ಚದ ಹಳೆಯ ಕಿಟ್‌ಗಳನ್ನು ಸಂಗ್ರಹಿಸುವವರಿದ್ದಾರೆ. ಪೊಟ್ಟಣ ಒಡೆದರೆ ಅವರ ಪಾಲಿಗೆ ಅದರ ಬೆಲೆ ಹೋದಂತೆ. ಹಾಗೆಂದು ನಾನು ಹೇಳಿದಾಗ ತಾತ ಕತ್ತರಿ ಕೈಗಿತ್ತರು. ‘ಪೊಟ್ಟಣದಲ್ಲಿದ್ರೆ ಅದು ವಿಮಾನ ಅಲ್ಲ ಕಣೋ, ಬರೀ ಪ್ಲಾಸ್ಟಿಕ್ಕು. ಬಿಚ್ಚು.’

ನುಸಿಯೆಂಬ ಹೆಸರು, ಹುಲಿಯಂಥ ಕೆಲಸ

ನ್ಯಾಟ್ ಅಂದರೆ ನುಸಿ. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿದ್ದ ಕಾಲದಲ್ಲಿ, ಬ್ರಿಟನ್ನಿನ ಫೋಲೆಂಡ್ ಕಂಪನಿಯ ವಿನ್ಯಾಸಕಾರ ಟೆಡ್ಡಿ ಪೆಟರ್ ಚಿಕ್ಕದಾದ, ಕಡಿಮೆ ಖರ್ಚಿನ ಜೆಟ್ ಮಾಡಲು ಹೊರಟರು. 1955ರಲ್ಲಿ ಅದು ಮೊದಲ ಬಾರಿ ಹಾರಿತು. ಅದರ ಒಂದೇ ಸೀಟಿನ ಯುದ್ಧವಿಮಾನವನ್ನು ಬ್ರಿಟನ್ನಿನ ವಾಯುಪಡೆ ಒಪ್ಪಲಿಲ್ಲ. ಎರಡು ಸೀಟಿನ ತರಬೇತಿ ವಿಮಾನವನ್ನಷ್ಟೇ ಕೊಂಡಿತು. ಭಾರತ ಒಪ್ಪಿತು. ಪರವಾನಗಿ ಪಡೆದು ನಮ್ಮ ಬೆಂಗಳೂರಿನಲ್ಲೇ ತಯಾರಿಕೆ ಶುರುವಾಯಿತು. 1965ರ ಯುದ್ಧದಲ್ಲಿ ಈ ನುಸಿ ಪಾಕಿಸ್ತಾನದ ಸೇಬರ್ ಜೆಟ್‌ಗಳಿಗೆ ಎದುರಾಗಿ ನಿಂತು ‘ಸೇಬರ್ ಸಂಹಾರಿ’ ಎನಿಸಿಕೊಂಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ಒಬ್ಬರೇ ಹೋರಾಡಿ ಮಡಿದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಹಾರಿಸುತ್ತಿದ್ದುದೂ ನ್ಯಾಟ್. ಪರಮವೀರ ಚಕ್ರ ಪಡೆದ ವಾಯುಪಡೆಯ ಏಕೈಕ ಯೋಧ ಅವರು.

ಇಷ್ಟು ತಿಳಿದ ಮೇಲೆ ನನಗೆ ನಮ್ಮ ವಾಯುಪಡೆಯ ಬಣ್ಣವನ್ನೇ ಬಳಿಯುವ ಆಸೆ. ‘ತಾತ, ಬೆಳ್ಳಿ ಬಣ್ಣ ಹಚ್ಚಿ ನಮ್ಮ ತ್ರಿವರ್ಣದ ಗುರುತು ಹಾಕೋಣ್ವಾ?’ ಎಂದೆ. ತಾತ ಕಿಟ್‌ನ ಚಿತ್ರ ತೋರಿಸಿದರು. ‘ಸೀಟು ಎಣಿಸು. ಎರಡಿದೆ. ನಾವು ಮಾಡ್ತಿದ್ದದ್ದು ಒಂದು ಸೀಟಿನದ್ದು. ಮಾಡದೇ ಇರೋದಕ್ಕೆ ನಮ್ಮ ಮೊಹರು ಹಾಕಬಾರದು.’ ರೆಸ್ಯೂಮೆಯಲ್ಲಿ ಗೊತ್ತಿಲ್ಲದ ಸಾಫ್ಟ್‌ವೇರ್‌ಗಳ ಹೆಸರು ತುಂಬಿಸಲು ಸಲಹೆ ಕೊಡುವ ಗೆಳೆಯರ ನಡುವೆ ಇರುವ ನನಗೆ ಆ ಮಾತು ಎಲ್ಲಿಗೆ ತಾಕಬೇಕೋ ಅಲ್ಲಿಗೇ ತಾಕಿತು. ಕೊನೆಗೆ, 1965ರಿಂದ 1979ರವರೆಗೆ ಇದೇ ವಿಮಾನದಲ್ಲಿ ಕಸರತ್ತು ತೋರಿಸಿದ ಬ್ರಿಟನ್ನಿನ ‘ರೆಡ್ ಆರೋಸ್’ ತಂಡದ ಕೆಂಪು ಬಣ್ಣವೇ ಗಟ್ಟಿಯಾಯಿತು.

ಅಂಟಿಗಿಂತ ಮೊದಲು ಸೋಪು

ಕಿಟ್ ಬಿಚ್ಚಿದೊಡನೆ ಅಂಟಿಸುವುದಲ್ಲ. ತುಂಡುಗಳು ಅಚ್ಚಿನಿಂದ ಸಲೀಸಾಗಿ ಬಿಡಲೆಂದು ಬಳಸುವ ಜಿಡ್ಡು ಪ್ಲಾಸ್ಟಿಕ್ ಮೇಲೆ ಉಳಿದಿರುತ್ತದೆ. ಮೊದಲು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯದು. ತುಂಡುಗಳನ್ನು ಚೌಕಟ್ಟಿನಿಂದ ಮುರಿಯದೆ, ಕತ್ತರಿಸಿ ತೆಗೆಯಬೇಕು. ಹಳೆಯ ಅಚ್ಚುಗಳಲ್ಲಿ ಅಂಚಿಗೆ ತೆಳು ಪೊರೆಯಂತೆ ಪ್ಲಾಸ್ಟಿಕ್ ಹರಿದಿರುತ್ತದೆ. ಅದನ್ನು ಬ್ಲೇಡಿನಿಂದ ಹೆರೆಯಬೇಕು. ಆಮೇಲೆ ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಬೇಕು. ನಮ್ಮ ಮೊದಲ ಎರಡು ವಾರ ಇದರಲ್ಲೇ ಕಳೆಯಿತು.

ಈ ಕಿಟ್‌ಗೆ ಬಳಸುವ ಅಂಟು ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಬೆಸೆಯುತ್ತದೆ. ಹಾಗಾಗಿ ಎಷ್ಟು ಕಡಿಮೆ ಹಚ್ಚಿದರೆ ಅಷ್ಟು ಒಳ್ಳೆಯದು. ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಡಬೇಕು. ಮೂಗಿನೊಳಗೆ ಒಂದಿಷ್ಟು ತೂಕ ಇಡುವುದನ್ನು ಮರೆಯಬಾರದು, ಇಲ್ಲವಾದರೆ ಮೂರು ಗಾಲಿಯ ಜೆಟ್ಟು ಬಾಲ ಊರಿ ಕೂತುಬಿಡುತ್ತದೆ. ಪಾರದರ್ಶಕ ಗಾಜಿನ ಮುಚ್ಚಳಕ್ಕೆ ಮಾತ್ರ ಆ ಅಂಟು ಬೇಡ. ತಾಕಿದರೆ ಮಂಜಾಗುತ್ತದೆ. ಅಲ್ಲಿಗೆ ಮನೆಯ ಫೆವಿಕಾಲ್ ಸಾಕು.

ಸಂದುಗಳಿಗೆ ಪುಟ್ಟಿ ತುಂಬಿ, ನೀರು ತಾಕಿಸಿ ವಾಟರ್ ಪೇಪರಿನಿಂದ ಉಜ್ಜುವುದು ನನ್ನ ಪಾಲು. ಕಣ್ಣುಮುಚ್ಚಿ ಬೆರಳು ಸವರಿ ‘ಇಲ್ಲಿ ಇನ್ನೂ ಏಣು ಇದೆ’ ಎನ್ನುವುದು ತಾತನ ಪಾಲು. ನಡುಗುವ ಬೆರಳಿಗೆ ನನ್ನ ಕಣ್ಣಿಗೆ ಕಾಣದ್ದು ಸಿಗುತ್ತಿತ್ತು. ಮೈಮೇಲೆ ಉಬ್ಬಿದ್ದ ಗೆರೆಗಳನ್ನು ಕಂಡು ನಕ್ಕರು: ‘ನಿಜದ ವಿಮಾನದಲ್ಲಿ ಇಷ್ಟು ಉಬ್ಬಿದ್ರೆ ಇನ್‌ಸ್ಪೆಕ್ಷನ್‌ನೋರು ವಾಪಸ್ ಕಳಿಸ್ತಿದ್ರು.’ ಮುಚ್ಚಿಹೋಗುವ ಸೀಟಿನ ಹಿಂಬದಿಗೂ ಬಣ್ಣ ಹಚ್ಚಿಸಿದರು. ಯಾಕೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೆಂಪಿನ ಕೆಳಗೆ ಬಿಳಿ

ಕೆಂಪು ಬಣ್ಣಕ್ಕೆ ಮೈ ಮುಚ್ಚುವ ಶಕ್ತಿ ಕಡಿಮೆ. ಕೆಳಗೆ ಕಪ್ಪಗಿದ್ದರೆ ಮೇಲೆ ಮಂಕಾಗುತ್ತದೆ. ಹಾಗಾಗಿ ಮೊದಲು ಬಿಳಿ ಬಳಿದು, ಅದು ಪೂರ್ತಿ ಒಣಗಿದ ಮೇಲೆ ಕೆಂಪನ್ನು ತೆಳುವಾಗಿ ನಾಲ್ಕೈದು ಸಲ ಹಚ್ಚಿದೆವು. ಒಂದೇ ಸಲ ದಪ್ಪಗೆ ಬಳಿದರೆ ಸಣ್ಣ ವಿವರಗಳೆಲ್ಲ ಮುಳುಗುತ್ತವೆ. ಪಕ್ಕದ ಬಿಳಿ ಪಟ್ಟಿಗೆ ಟೇಪ್ ಅಂಟಿಸಿ ಅಂಚು ಕಾಯ್ದೆವು.

ಹಳೆಯ ಕಿಟ್‌ನಲ್ಲಿ ನಿಜವಾದ ಪರೀಕ್ಷೆ ಎಂದರೆ ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಗುರುತುಗಳ ಹಾಳೆ. ನಮ್ಮದು ಅರಿಸಿನ ಬಳಿದಂತೆ ಹಳದಿಯಾಗಿತ್ತು. ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ ಕೆಲವು ದಿನ ಬಿಟ್ಟರೆ ಹಳದಿ ತಿಳಿಯಾಗುತ್ತದೆ. ಹಳೆಯ ಹಾಳೆ ನೀರು ಸೋಕಿದೊಡನೆ ಚೂರುಚೂರಾಗುವುದುಂಟು. ಅದಕ್ಕೆಂದೇ ಮೇಲೊಂದು ವಾರ್ನಿಷ್ ಪದರ ಕೊಟ್ಟು, ಬೇಡದ ಒಂದು ಗುರುತನ್ನು ಮೊದಲು ನೆನೆಸಿ ನೋಡಿದೆವು. ಅದು ಇಡಿಯಾಗಿ ಬಿಟ್ಟಿತು. ಆಮೇಲೆ ಚಿಮಟ ನನ್ನ ಕೈಯಲ್ಲಿ, ಉಸಿರು ಬಿಗಿಹಿಡಿದದ್ದು ಮಾತ್ರ ಇಬ್ಬರೂ.

ನೀವೂ ಶುರುಮಾಡುವುದಾದರೆ ಸಣ್ಣ, ಹೊಸ ಕಿಟ್‌ನಿಂದ ಶುರುಮಾಡಿ. ಬ್ಲೇಡು, ವಾಟರ್ ಪೇಪರು, ಚಿಮಟ, ಎರಡು ಕುಂಚ ಇದ್ದರೆ ಸಾಕು. ಕಿಟಕಿ ತೆರೆದಿಡಿ, ಅಂಟು ಮತ್ತು ಥಿನ್ನರ್ ವಾಸನೆ ತಲೆಗೇರುತ್ತದೆ. ಇದರಿಂದ ಕೆಲಸ ಸಿಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಮೊಬೈಲ್ ನೋಡುತ್ತಾ ಕರೆಗೆ ಕಾಯುವ ದಿನಕ್ಕೂ, ‘ಇವತ್ತು ಬಲಗಡೆಯ ರೆಕ್ಕೆ ಮುಗಿಯಿತು’ ಎಂದು ಹೇಳಿಕೊಳ್ಳಬಹುದಾದ ದಿನಕ್ಕೂ ಬಹಳ ವ್ಯತ್ಯಾಸವಿದೆ.

ಮೊನ್ನೆ ಒಂದು ಸಂದರ್ಶನದಲ್ಲಿ ಹವ್ಯಾಸ ಏನೆಂದು ಕೇಳಿದರು. ಹೇಳಿದೆ. ‘ಮೊದಲು ಏನು ಮಾಡ್ತೀರಿ?’ ಎಂದರು. ‘ಸೋಪಿನ ನೀರಲ್ಲಿ ತೊಳೀತೀನಿ ಸರ್’ ಎಂದೆ. ನಕ್ಕು ಏನೋ ಬರೆದುಕೊಂಡರು. ಫಲಿತಾಂಶ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಒಂದೇ ಸೀಟಿನ ನ್ಯಾಟ್ ಕಿಟ್ ಎಲ್ಲಾದರೂ ಸಿಗುತ್ತಾ ಹುಡುಕು ಎಂದಿದ್ದಾರೆ ತಾತ. ಅದಕ್ಕೆ ಮಾತ್ರ ನಮ್ಮದೇ ಮೊಹರು.