ಡೋರ್ ನಂಬರ್ ಇಲ್ಲದವರು

ಬೆಂಗಳೂರಿನ ಆರ್‌ಪಿಸಿ ಲೇಔಟಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಗಳನ್ನೂ ಆನ್‌ಲೈನಿನಲ್ಲಿ ತುಂಬಿಕೊಡುತ್ತೇನೆ. ಜೂನ್ ಬಂತೆಂದರೆ ಅದೇ ಗದ್ದಲ. ತಲೆಗೂದಲು ತೆಗೆದುಕೊಂಡು ಪ್ಲಾಸ್ಟಿಕ್ ಡಬ್ಬಿ, ಸ್ಟೀಲ್ ಲೋಟ ಕೊಡುತ್ತಾ ನಮ್ಮ ಅಡ್ಡರಸ್ತೆಗಳಲ್ಲಿ ತಿರುಗುವ, ಸುಡುಗಾಡು ಸಿದ್ಧರೆಂಬ ಅಲೆಮಾರಿ ಸಮುದಾಯದ ಹೆಂಗಸೊಬ್ಬರು ಈ ಸಲ ಬಂದಿದ್ದರು. ಮಗನನ್ನು ಹಾಸ್ಟೆಲ್‌ಗೆ ಸೇರಿಸಬೇಕಿತ್ತು.

“ಅಡ್ರೆಸ್ ಏನಂತ ಹಾಕ್ಲಮ್ಮ?”

“ಖಾಲಿ ಸೈಟಲ್ಲಿ ಗುಡ್ಲು ಹಾಕ್ಕೊಂಡಿದೀವಿ ಅಕ್ಕಾ. ನಂಬ್ರು ಎಲ್ಲಿಂದ ತರ್ಲಿ?”

ಹುಡುಗನ ಅಪ್ಪನ ಟಿಸಿ ಕೇಳಿದೆ. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವನೇ ಅಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಓದಲು ಹೊರಟ ಹುಡುಗನಿಂದ ಅಪ್ಪ ಓದಿದ ದಾಖಲೆ ಕೇಳುತ್ತೇವೆ. ಸ್ಥಳ ಪರಿಶೀಲನೆಗೆ ಬಂದವರಿಗೆ ಮನೆ ತೋರಿಸಬೇಕು. ಗುಡಿಸಲೋ, ಸೈಟಿನ ಮಾಲೀಕರು ಎಬ್ಬಿಸಿದ ದಿನ ಬೇರೆ ಕಡೆ ಹೋಗಿರುತ್ತದೆ. ಅರ್ಜಿ ತಿರಸ್ಕೃತವಾಯಿತು.

ಹೀಗೆ ವಿಳಾಸವಿಲ್ಲದೆ ಅಲೆದು ಬದುಕುವವರನ್ನು ಅನುಮಾನಿಸುವ ರೂಢಿಯನ್ನು ಹಿಂದೆ ಕಾನೂನೇ ಗಟ್ಟಿ ಮಾಡಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಅದರ ಪಟ್ಟಿಗೆ ಸೇರಿದ ಕೊರಚರಂಥವರು ಕಾನೂನಿನ ಕಣ್ಣಿಗೆ ಹುಟ್ಟಿನಿಂದಲೇ ಕಳ್ಳರು; ಹಾಜರಿ ಹಾಕಬೇಕಿತ್ತು, ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಆ ಪಟ್ಟಿ 1952ರ ಆಗಸ್ಟ್ 31ರಂದು ರದ್ದಾಯಿತು, ಅನುಮಾನ ಹೋಗಲಿಲ್ಲ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಜನ ಐವರು ಅಲೆಮಾರಿಗಳನ್ನು ಹೊಡೆದು ಕೊಂದರು.

ಸುಮಾರು ಸಾವಿರ ವರ್ಷಗಳ ಹಿಂದೆ ಭಾರತದಿಂದಲೇ ಹೊರಟು ಯುರೋಪ್ ಸೇರಿದ ರೋಮಾ ಜನರ ಪಾಡೂ ಬೇರೆಯಲ್ಲ. ಇಂದಿನ ರೊಮೇನಿಯಾದ ಸೀಮೆಯಲ್ಲಿ 1856ರವರೆಗೂ ಅವರು ಗುಲಾಮರು. 1944ರ ಆಗಸ್ಟ್ 2ರ ರಾತ್ರಿ ಆಶ್ವಿಟ್ಜ್ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ರೋಮಾಗಳನ್ನು ನಾಜಿಗಳು ಕೊಂದರು. ನನ್ನನ್ನು ಹೆಚ್ಚು ಕಾಡುವುದು ಶಾಲೆಯ ವಿಷಯ. ಜೆಕ್ ದೇಶದಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರಿಗೆಂದಿದ್ದ ಶಾಲೆಗಳಿಗೆ ತಳ್ಳುತ್ತಿದ್ದರು. ಅದು ತಾರತಮ್ಯವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿದ್ದು 2007ರಲ್ಲಿ.

ನಮ್ಮ ಕರ್ನಾಟಕದಲ್ಲಿ ಒಳಮೀಸಲಾತಿ ಕುರಿತ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಪರಿಶಿಷ್ಟ ಜಾತಿಯೊಳಗಿನ ಅತಿ ಹಿಂದುಳಿದ 59 ಸಮುದಾಯಗಳಿಗೆ ಶೇ. 1ರಷ್ಟು ಪ್ರತ್ಯೇಕ ಮೀಸಲಾತಿ ಶಿಫಾರಸು ಮಾಡಿತ್ತು. ಇವರಲ್ಲಿ ಹೆಚ್ಚಿನವರು ಅಲೆಮಾರಿಗಳು. 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಇವರನ್ನು ಲಂಬಾಣಿ, ಭೋವಿ, ಕೊರಮ, ಕೊರಚರೊಂದಿಗೆ ಶೇ. 5ರ ಗುಂಪಿಗೆ ಸೇರಿಸಿತು. ಪ್ರತ್ಯೇಕ ಶೇ. 1 ಬೇಕೆಂದು ಅಲೆಮಾರಿಗಳು ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತರು. ಅವರ ಬೇಡಿಕೆ ನ್ಯಾಯವಾದದ್ದು. ಪ್ರಮಾಣಪತ್ರಕ್ಕೇ ಪರದಾಡುವವರು ಆ ಗುಂಪಿನಲ್ಲಿ ಪೈಪೋಟಿ ಮಾಡಲಾರರು. ಆ ಶೇ. 1 ಅವರಿಗೆ ಸಿಗಬೇಕು. ಅದಕ್ಕೂ ಮೊದಲು, ಅಧಿಕಾರಿಗಳು ಗುಡಿಸಲಿನ ಹತ್ತಿರವೇ ಹೋಗಿ ಪ್ರಮಾಣಪತ್ರ ಕೊಟ್ಟು ಬರಲಿ.